ಹೆಸರಿನ ಮೇಲಿನ ಕಾಗದ

ಮಕ್ಕಳ ರಕ್ಷಣಾ ಕಚೇರಿಯ ದಫ್ತರದ ಕೋಣೆಯನ್ನು ಇಪ್ಪತ್ತೆರಡು ವರ್ಷ ಕಾದ ಗುಮಾಸ್ತೆಗೆ ಎಲ್ಲರೂ ಇಟ್ಟ ಹೆಸರು ಬೀಗದಮ್ಮ. ಅಂಥವಳ ಮುಂದೆ ಸಂಶೋಧಕಿಯೊಬ್ಬಳು ಮೇಲಧಿಕಾರಿಯ ಪತ್ರ ಹಿಡಿದು ಬಂದು ನಿಂತಳು. ದತ್ತು ಕೊಟ್ಟ ಮಕ್ಕಳ ಹಳೇ ಕಡತಗಳನ್ನು ಓದಬೇಕಂತೆ!

“ಹೆಸರು ಬೇಡ ಮೇಡಂ, ಮುಚ್ಚಿ ಕೊಡಿ ಸಾಕು.”

ಬೆಳ್ಳಗಿರುವುದೆಲ್ಲ ಹಾಲೇ? ಬೀಗದಮ್ಮ ನಂಬಲಿಲ್ಲ. ಹೆಸರು, ವಿಳಾಸಗಳ ಮೇಲೆ ಕಾಗದದ ಚೂರು ಅಂಟಿಸಿ, ಜೆರಾಕ್ಸ್ ಮಾಡಿ ಕೊಟ್ಟು, ಮೈಯೆಲ್ಲ ಕಣ್ಣಾಗಿ ಆ ಹುಡುಗಿಯ ಪೆನ್ನನ್ನೇ ನೋಡುತ್ತ ಕೂತಳು. ಏನು ಗೀಚಿಕೊಳ್ಳುತ್ತಾಳೆ? ಯಾರು ಕಳಿಸಿದ್ದಾರೆ ಇವಳನ್ನು? ಮನೆಗೆ ಹೋಗಿಯೂ ಮಗಳೆದುರು ಅದೇ ರಾಗ: “ಯಾರೋ ಹೊರಗಿನವಳು ಕಣೇ, ಒಂದು ಪತ್ರ ತಂದ್ಬಿಟ್ರೆ ಎಲ್ಲಾ ಓದಬಹುದಂತೆ!”

ಮೂರನೇ ದಿನ ಸಂಶೋಧಕಿ ತಲೆಯೆತ್ತಿದಳು. “ಇಲ್ಲಿ ಕೆಲಸ ಮಾಡೋರೇ ಮಗು ತಗೊಂಡಿದ್ದು ಉಂಟಾ ಮೇಡಂ?”

ಬೀಗದಮ್ಮ ಮುಂದಿದ್ದ ಕಡತವನ್ನು ಪಟ್ಟನೆ ಮುಚ್ಚಿದಳು. ಉಂಟು. ಹತ್ತೊಂಬತ್ತು ವರ್ಷದ ಹಿಂದೆ ಎಂಟು ದಿನದ ಕೂಸನ್ನು ಇಲ್ಲಿಂದ ಎತ್ತಿಕೊಂಡು ಹೋದವಳು ತಾನೇ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವುದರೊಳಗೆ ಆ ಮಗಳು ಕಾಲೇಜು ಮೆಟ್ಟಿಲು ಹತ್ತಿದ್ದಳು.

“ನನಗೇನಮ್ಮ ಗೊತ್ತು!” ಎಂದು ಸಿಡುಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. “ಅಲ್ಲ ಮೇಡಂ, ಯಾಕೆ ಕೇಳಿದೆ ಅಂದ್ರೆ...” ಎನ್ನುವಷ್ಟರಲ್ಲಿ ಬೀಗದಮ್ಮ ಎದ್ದು ಹೋಗಿಯಾಗಿತ್ತು.

ಹೆಸರು ಮುಚ್ಚಿದರೇನು ಬಂತು? ‘ದತ್ತು ಪಡೆದವರು ಇದೇ ಕಚೇರಿಯ ಗುಮಾಸ್ತೆ’ ಎಂದು ಮಗಳ ಕಡತದಲ್ಲಿ ಸಮಾಜ ಕಾರ್ಯಕರ್ತೆ ಬರೆದಿಟ್ಟಿದ್ದನ್ನು ಕಂಡರೆ ಯಾರಿಗೆ ತಿಳಿಯುವುದಿಲ್ಲ! ಒಂದು ಹಾಳೆಯೂ ಹೊಸ್ತಿಲು ದಾಟದಂತೆ ಕಾದವಳು, ಊಟದ ಹೊತ್ತಿನಲ್ಲಿ ಆ ಕಡತವನ್ನು ತಾನೇ ಚೀಲಕ್ಕೆ ತುರುಕಿಕೊಂಡಳು.

ಸಂಜೆ ಸಂಶೋಧಕಿ ಹೊರಟುನಿಂತಳು. “ಸಿಬ್ಬಂದಿ ತಗೊಂಡ ಮಕ್ಕಳ ಕಡತ ಇದ್ರೆ ನನಗೆ ಕೊಡಬೇಡಿ ಮೇಡಂ. ಹೆಸರು ಮುಚ್ಚಿದ್ರೂ ಗುರುತು ಸಿಕ್ಕಿಬಿಡುತ್ತೆ, ನಾವು ಓದೋ ಹಾಗಿಲ್ಲ. ಅದಕ್ಕೇ ಬೆಳಿಗ್ಗೆ ಕೇಳಿದ್ದು.”

ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಅಷ್ಟರಲ್ಲಿ ಜವಾನ ಎಂದಿನಂತೆ ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಮೇಲಧಿಕಾರಿಗೆ ಒಪ್ಪಿಸಲು ಹೋಗಿದ್ದ. ನಾಳೆ ಬೆಳಿಗ್ಗೆ ವಾಪಸು ಇಟ್ಟರಾಯಿತೆಂದು ಮನೆಗೆ ಬಂದು, ಚೀಲವನ್ನು ಕುರ್ಚಿಯ ಮೇಲಿಟ್ಟು ಮುಖ ತೊಳೆಯಲು ಹೋದಳು. ಊಟದ ಡಬ್ಬಿ ತೊಳೆಯಲೆಂದು ದಿನಾ ಆ ಚೀಲಕ್ಕೆ ಕೈ ಹಾಕುವವಳು ಮಗಳು. ಗಾಬರಿಯಲ್ಲಿ ಅದು ನೆನಪಿಗೇ ಬರಲಿಲ್ಲ.

ಮುಖ ಒರೆಸಿಕೊಳ್ಳುತ್ತ ಹೊರಬಂದರೆ, ಮಗಳು ಕಡತದ ಕೊನೆಯ ಹಾಳೆಯಲ್ಲಿದ್ದಳು.

“ಅಮ್ಮಾ,” ಎಂದಳು, “ಇದನ್ನ ಓದೋಕೆ ನಾನು ಯಾರಿಂದ ಪತ್ರ ತರಬೇಕಿತ್ತು?”