ಹನ್ನೊಂದು ಹೆಸರು, ಒಂದು ಹಗ್ಗ

ನಮ್ಮ ಕಡೆ ಮದುವೆ ಮಾಡುವುದು ಸುಲಭ, ಮದುವೆ ಪತ್ರಿಕೆ ಅಚ್ಚು ಹಾಕಿಸುವುದು ಕಷ್ಟ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರದು ಬಿಟ್ಟುಹೋಯಿತು ಎಂಬುದಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ. ವಿಜಯನಗರದ ನಮ್ಮ ಬೀದಿಯಲ್ಲೇ ಒಬ್ಬರು, ತನಗೆ ಬರೀ ‘ಶ್ರೀ’ ಹಾಕಿ ಷಡ್ಡಕನಿಗೆ ‘ಶ್ರೀಮಾನ್’ ಹಾಕಿದ್ದಾರೆಂದು ಧಾರೆಗೆ ಬಂದು ಊಟಕ್ಕೆ ನಿಲ್ಲದೆ ಹೋದರು. ಮದುವೆಯಲ್ಲಿ ಇದೆಲ್ಲ ಇರಲಿ. ಓದುವ ಮಕ್ಕಳ ಕೆಲಸದೊಳಕ್ಕೂ ಈ ಅಭ್ಯಾಸ ನುಗ್ಗಿದರೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ. ಎರಡು ವರ್ಷದ ಹಿಂದಿನ ಮಾತು, ಎಂಬತ್ತಾರನೇ ಇಸವಿಯದು.

ನಮ್ಮ ಪಕ್ಕದ ಮನೆಯ ಹನುಮಂತಯ್ಯನವರು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇತ್ ಶೆಡ್ಡಿನ ಫೋರ್‌ಮನ್. ಅವರ ಎರಡನೇ ಮಗಳು ಪುಟ್ಟಲಕ್ಷ್ಮಿ ಆಗ ಬಿ.ಎಸ್ಸಿ. ಕೊನೇ ವರ್ಷದಲ್ಲಿದ್ದಳು. ಹಿಂದಿನ ಇಡೀ ವರ್ಷ ಆ ಹುಡುಗಿ ಪ್ರತಿ ಭಾನುವಾರ ಬೆಳಿಗ್ಗೆ ಅಳತೆಗೆಂದು ಗಂಟುಗಂಟಾಗಿ ಕಟ್ಟಿದ ಒಂದು ತೆಂಗಿನ ನಾರಿನ ಹಗ್ಗ, ಅದರ ತುದಿಗೊಂದು ಕಲ್ಲು, ದರ್ಜಿಯ ಟೇಪು ಹಿಡಿದುಕೊಂಡು ಬಾವಿ ಬಾವಿ ಇಣುಕುತ್ತಾ ತಿರುಗಿದಳು. ನಮ್ಮ ಬಡಾವಣೆ ಏಳುವ ಮುಂಚಿನ ಹಳ್ಳಿ ಬಾವಿಗಳು ಕಾಂಪೌಂಡುಗಳ ಸಂದಿಯಲ್ಲಿ ಇನ್ನೂ ಉಳಿದಿದ್ದವು. ಇಲ್ಲೆಲ್ಲ ಹೊಲವಿದ್ದ ಕಾಲದಿಂದ ನಾನು ಇರುವುದರಿಂದ ಏಳೆಂಟು ಬಾವಿ ನಾನೇ ತೋರಿಸಿದ್ದೆ. ಒಟ್ಟು ಇಪ್ಪತ್ತಾರು. ಕಟ್ಟೆಯಿಂದ ನೀರು ಎಷ್ಟು ಆಳದಲ್ಲಿದೆ ಎಂದು ವಾರವಾರವೂ ಬರೆದುಕೊಳ್ಳುತ್ತಿದ್ದಳು.

ಜನ ಸುಮ್ಮನಿರುತ್ತಾರೆಯೇ. ಕಾರ್ಪೊರೇಷನ್ನಿನವರು ಬಾವಿ ಮುಚ್ಚಲು ಈ ಹುಡುಗಿಯನ್ನು ಬಿಟ್ಟಿದ್ದಾರೆ ಎಂದು ಒಬ್ಬರು ಗೇಟಿಗೆ ಬೀಗ ಹಾಕಿದರು. ಇನ್ನೊಬ್ಬ ಹೆಂಗಸು, ಹೇಗಿದ್ದರೂ ಕಲ್ಲು ಇಳಿಸುತ್ತೀಯ, ಹೋದ ಯುಗಾದಿಗೆ ಬಿದ್ದ ನಮ್ಮ ಹಿತ್ತಾಳೆ ಚೊಂಬೂ ತಗುಲುತ್ತದೋ ನೋಡು ಎಂದರು. ಅವಳು ಎಲ್ಲದಕ್ಕೂ ತಲೆಯಾಡಿಸಿ ಅಳತೆ ಬರೆದುಕೊಂಡು ಬರುತ್ತಿದ್ದಳು. ಬೋರ್‌ವೆಲ್ ಕೊರೆದ ಬೀದಿಯ ಬಾವಿಗಳಲ್ಲಿ ಬೇಸಿಗೆಯ ನೀರು ಬೇರೆ ಬೀದಿಗಿಂತ ಬೇಗ ಇಳಿಯಿತು ಎಂಬುದು ಕೊನೆಗೆ ಅವಳಿಗೆ ಕಂಡ ವಿಷಯ.

ಅಳೆಯುವ ಬಗೆ ಹೇಳಿಕೊಟ್ಟಿದ್ದ ಅವಳ ಕಾಲೇಜಿನ ಅನಂತಲಕ್ಷ್ಮಿ ಮೇಡಂ ಅಳತೆಯ ಪುಸ್ತಕ ತಿರುವಿ ನೋಡಿ, ಇದನ್ನು ಲೇಖನ ಮಾಡಿ ಪತ್ರಿಕೆಗೆ ಕಳಿಸೋಣ ಎಂದರಂತೆ. ಹುಡುಗಿ ಕುಣಿಯುತ್ತಾ ಮನೆಗೆ ಬಂದು, “ಅಪ್ಪ, ನನ್ನ ಹೆಸ್ರು ಪತ್ರಿಕೇಲಿ ಬರುತ್ತೆ” ಎಂದಳು.

ಅಜ್ಜಿ ಗಂಗಲಕ್ಷ್ಮಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಿ ಕೇಳಿದರು: “ಹುಡುಗ ಯಾರೇ?”

ಆ ಪತ್ರಿಕೆ ಅಲ್ಲ, ಸಂಶೋಧನೆಯ ಪತ್ರಿಕೆ ಎಂದು ಹೇಳುವಷ್ಟರಲ್ಲಿ ಅರ್ಧ ಬೀದಿಗೆ ಸುದ್ದಿ ಮುಟ್ಟಿತ್ತು. ಸಂಜೆಯೊಳಗೆ ಇಬ್ಬರು ಬಂದು ಹುಡುಗನಿಗೆ ಸ್ವಂತ ಮನೆಯಿದೆಯೇ ಎಂದು ವಿಚಾರಿಸಿಕೊಂಡು ಹೋದರು.

ಅದರ ಮುಂದಿನ ಭಾನುವಾರ ಮೇಡಂ ತಾವೇ ಬಂದು ಕೂತು ಬಿಡಿಸಿ ಹೇಳಿದರು. ಇದು ದಿನಪತ್ರಿಕೆಯಲ್ಲ. ಹೊಸದಾಗಿ ಕಂಡುಕೊಂಡದ್ದನ್ನು ಅಳತೆಯ ಸಮೇತ ಬರೆದು ಕಳಿಸಿದರೆ, ಆ ವಿಷಯ ಬಲ್ಲ ಇಬ್ಬರು ಅದನ್ನು ಓದುತ್ತಾರೆ. ಪ್ರಶ್ನೆ ಹಾಕುತ್ತಾರೆ. ಉತ್ತರ ಸರಿಯಿದ್ದರೆ ಅಚ್ಚಾಗುತ್ತದೆ. ಎಂ.ಎ., ಎಂ.ಎಸ್ಸಿ. ಮಾಡಿದವರು ಮಾತ್ರವೇ ಬರೆಯಬೇಕು ಎಂದೇನಿಲ್ಲ, ಕೆಲಸ ಗಟ್ಟಿಯಿದ್ದರೆ ಬಿ.ಎಸ್ಸಿ. ಹುಡುಗಿಯದೂ ಆಗುತ್ತದೆ.

ಹನುಮಂತಯ್ಯನವರು ಆ ಇಬ್ಬರು ಯಾರು, ಎಲ್ಲಿಯವರು, ನಮ್ಮ ಕಡೆಯಿಂದ ಒಂದು ಮಾತು ಹೇಳಿಸಬಹುದೇ ಎಂದು ಕೇಳಿದರು.

“ಅವ್ರು ಯಾರು ಅಂತ ನನಗೂ ಗೊತ್ತಾಗಲ್ಲ ಸಾರ್. ಗೊತ್ತಾಗ್ಬಾರ್ದು.”

“ಹೆಸ್ರು ಹೇಳ್ದೆ ತಪ್ಪು ಹುಡ್ಕೋರು ನಮ್ಮ ಮನೇಲೇ ಇದಾರಲ್ಲ, ಅಷ್ಟು ದೂರ ಯಾಕೆ ಕಳಿಸ್ಬೇಕು” ಎಂದರು ಅಜ್ಜಿ.

ಆದರೆ ತಮಾಷೆಯ ಮಾತು ಅಲ್ಲಿಗೆ ನಿಂತಿತು. ಅಜ್ಜಿಯ ಮನಸ್ಸಿನಲ್ಲಿ ಆಗಲೇ ಒಂದು ಜಾತಕ ಕೂತಿತ್ತು. ಹುಡುಗಿಗೆ ಎಂ.ಎಸ್ಸಿ. ಓದುವ ಆಸೆ. ತಾಯಿಗೂ ಮಗಳಿಗೂ ಮಧ್ಯೆ ಸಿಕ್ಕಿಕೊಂಡ ಹನುಮಂತಯ್ಯನವರು ಒಂದು ತೀರ್ಮಾನ ಹೇಳಿದರು. ಮೇಡಂ ಹೇಳಿದ ಪತ್ರಿಕೆಯವರು ಒಪ್ಪಿದರೆ ಓದು. ಒಪ್ಪದಿದ್ದರೆ ಶ್ರಾವಣದಲ್ಲಿ ಅಜ್ಜಿ ಹೇಳಿದ ಪತ್ರಿಕೆ. ಹುಡುಗಿ ಒಳಗೆ ಹೋಗಿ ಬರೆಯಲು ಕೂತಳು.

ಜನವರಿಯಲ್ಲಿ ಬರವಣಿಗೆ ಮುಗಿಯಿತು. ಆರು ಹಾಳೆ ಮೀರಬಾರದು ಎಂದು ಪತ್ರಿಕೆಯ ನಿಯಮ. ಸರಿಯಾಗಿ ಆರು ಹಾಳೆ ಬರೆದಿದ್ದಳು. ಮೇಡಂ ಪರೀಕ್ಷೆಯ ಕೆಲಸಕ್ಕೆ ಮೈಸೂರಿಗೆ ಹೋಗಿದ್ದರು. ಹುಡುಗಿಗೂ ಪರೀಕ್ಷೆ. ಟೈಪ್ ಮಾಡಿಸಿ ಅಂಚೆಗೆ ಹಾಕುವುದು ನನ್ನ ಜವಾಬ್ದಾರಿ ಎಂದು ಹನುಮಂತಯ್ಯನವರೇ ಕಾಗದ ತೆಗೆದುಕೊಂಡು ಹೊರಟರು. ಅಷ್ಟರಲ್ಲಿ ನಮ್ಮ ಬಡಾವಣೆಯ ಆಚೆಗಿರುವ ಉಲ್ಲಾಳದಿಂದ ಅವರ ಅಣ್ಣ ದೊಡ್ಡಣ್ಣ ಬಂದರು. ಇಪ್ಪತ್ತಾರರಲ್ಲಿ ಒಂದು ಬಾವಿ ಅವರ ತೋಟದ್ದು. ಕಾಗದದ ಮೇಲೆ ಪುಟ್ಟಲಕ್ಷ್ಮಿ, ಅನಂತಲಕ್ಷ್ಮಿ ಎಂದು ಎರಡೇ ಹೆಸರು ಕಂಡು ಅವರ ಮುಖ ಸಣ್ಣಗಾಯಿತು. ಮನೆಯ ಹಿರಿಯ ನಾನು, ಬಾವಿ ನನ್ನದು, ಪತ್ರಿಕೆಯಲ್ಲಿ ನನ್ನ ಹೆಸರಿಲ್ಲ ಎಂದರು. ಕೊಟ್ಟ ಕಾಫಿ ಮುಟ್ಟದೆ ಎದ್ದರು. ಅದೇ ಹೆಚ್ಚಾಯಿತು.

ಹನುಮಂತಯ್ಯನವರಿಗೆ ಅಣ್ಣನ ಮುಖ ನೋಡಲಾಗಲಿಲ್ಲ. ಟೈಪಿಸ್ಟನ ಮುಂದೆ ಕೂತು ಹೆಸರು ಬರೆಸಿದರು. ಅಣ್ಣನನ್ನು ಹಾಕಿದ ಮೇಲೆ ಅತ್ತಿಗೆಯನ್ನು ಬಿಡುವುದು ಹೇಗೆ. ತಾಯಿಯನ್ನು ಬಿಡುವುದು ಹೇಗೆ. ಹಿರಿಯ ಅಳಿಯ ಗೋಪೀನಾಥನನ್ನು ಬಿಟ್ಟರೆ ಹಿರಿಮಗಳು ತವರಿಗೆ ಕಾಲಿಡುವುದಿಲ್ಲ. ಪಕ್ಕದ ಮನೆಯವನೆಂದು ನನ್ನನ್ನೂ ಸೇರಿಸಿದ್ದರಂತೆ, ಆಗ ನನಗೆ ತಿಳಿದಿರಲಿಲ್ಲ. ಎಲ್ಲಕ್ಕಿಂತ ಮೇಲೆ, ಹಿರಿಯರ ಆಶೀರ್ವಾದವಿರಲಿ ಎಂದು, ತೀರಿಕೊಂಡ ತಂದೆಯವರ ಹೆಸರು: ಲೇಟ್ ಮುನಿರಾಮಯ್ಯ. ಒಟ್ಟು ಹನ್ನೊಂದು ಹೆಸರು, ಬಿರುದು, ಊರು, ಸಂಬಂಧಗಳ ಸಮೇತ. ಕೊನೆಯದು ಚಿರಂಜೀವಿ ಸೌಭಾಗ್ಯವತಿ ಪುಟ್ಟಲಕ್ಷ್ಮಿ. ರಿಜಿಸ್ಟರ್ ಅಂಚೆಯಲ್ಲಿ ಹಾಕಿ, ರಸೀದಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು.

ಮಾರ್ಚಿನಲ್ಲಿ ಉತ್ತರ ಬಂತು. ದಪ್ಪ ಲಕೋಟೆ. ಕಳಿಸಿದ ಕಾಗದವೇ ತಿರುಗಿ ಬಂದಿತ್ತು, ಅಂಚಿನ ತುಂಬ ಕೆಂಪು ಬರಹ. ಅಜ್ಜಿ ನೋಡಿ, ಇಷ್ಟು ಕೆಂಪು ನಮ್ಮ ಹುಡುಗಿಯ ಶಾಲೆ ಪುಸ್ತಕದಲ್ಲೂ ಕಂಡಿಲ್ಲ ಎಂದರು. ಪುಟ್ಟಲಕ್ಷ್ಮಿ ಮೊದಲ ಹಾಳೆಯ ಮೇಲಿನ ಹನ್ನೊಂದು ಹೆಸರನ್ನು ಅಂದೇ ಕಂಡದ್ದು. ಮುಂದಿನ ಹಾಳೆಗಳನ್ನು ತಿರುವದೆ ಕಾಗದವನ್ನು ಮಡಿಸಿಟ್ಟು, ಅಪ್ಪನ ಮುಖ ನೋಡದೆ ನೀರು ಸೇದಲು ಹೋದಳು. ಮುಗಿಯಿತು, ಜಾತಕ ತೆಗೆಯಿರಿ ಎಂದರು ಅಜ್ಜಿ.

ನಾನೇ ಹೋಗಿ ಮೇಡಂ ಅವರನ್ನು ಕರೆತಂದೆ. ಅವರು ಕಾಗದ ಓದಿ ಮೊದಲು ನಕ್ಕರು, ಆಮೇಲೆ ಗಂಭೀರವಾದರು. ಇದು ಬೇಡ ಎಂದು ಹೇಳಿದ ಕಾಗದವಲ್ಲ, ತಿದ್ದಿ ಮೂವತ್ತು ದಿನದೊಳಗೆ ಕಳಿಸಿ ಎಂದಿದ್ದಾರೆ ಎಂದರು. ಆದರೆ ಎರಡು ಮಾತಿದೆ. ಹನ್ನೊಂದು ಜನರೂ ತಾವು ಮಾಡಿದ ಕೆಲಸ ಏನೆಂದು ಬರೆದು ಸಹಿ ಹಾಕಬೇಕು. ಮತ್ತು ಕೆಲವು ಪ್ರಶ್ನೆಗೆ ಉತ್ತರ ಕೊಡಬೇಕು.

ಆ ಭಾನುವಾರ ಜಗುಲಿಯಲ್ಲಿ ಎಲ್ಲರನ್ನೂ ಸೇರಿಸಿದರು. ಮೊದಲನೆಯ ಪ್ರಶ್ನೆಯನ್ನು ಮೇಡಂ ಓದಿ ಹೇಳಿದರು: ಮೊದಲನೇ ಲೇಖಕರು ತೀರಿಕೊಂಡದ್ದು ಯಾವಾಗ, ಅಳತೆ ಶುರುವಾಗುವ ಮುಂಚೆಯೋ ಆಮೇಲೆಯೋ?

“ಎಪ್ಪತ್ತೊಂದರಲ್ಲಿ” ಎಂದರು ಹನುಮಂತಯ್ಯ, ನೆಲ ನೋಡುತ್ತಾ.

“ಬದುಕಿದ್ದಾಗ್ಲೇ ಒಂದು ಕೊಡ ನೀರು ಸೇದಿದವ್ರಲ್ಲ” ಎಂದರು ಅಜ್ಜಿ.

ಆಮೇಲೆ ಒಬ್ಬೊಬ್ಬರ ಸರದಿ. ನನ್ನನ್ನು ಕೇಳಿದಾಗ, ಬಾವಿ ಎಲ್ಲಿದೆ ಎಂದು ಕೈ ತೋರಿಸಿದ್ದು ಬಿಟ್ಟರೆ ಏನೂ ಮಾಡಿಲ್ಲ, ನನ್ನ ಹೆಸರು ತೆಗೆಯಿರಿ ಎಂದೆ. ಅತ್ತಿಗೆ ಅಳೆಯಲು ಬಂದ ಹುಡುಗಿಗೆ ಕಾಫಿ ಕೊಟ್ಟಿದ್ದರು. ಅಳಿಯ ಗೋಪೀನಾಥ ಬಹಳ ಯೋಚಿಸಿ, ತಾನು ಈ ಕೆಲಸಕ್ಕೆ ಎಲ್ಲೂ ಅಡ್ಡಿ ಮಾಡಲಿಲ್ಲ ಎಂದು ಬರೆಯಬಹುದೇ ಎಂದು ಕೇಳಿದ. ದೊಡ್ಡಣ್ಣ ಮಾತ್ರ ಜಗ್ಗಲಿಲ್ಲ. ಬಾವಿ ನನ್ನದು, ನಲವತ್ತು ವರ್ಷದಿಂದ ನೋಡಿದ್ದೇನೆ, ಸಹಿ ಹಾಕುತ್ತೇನೆ, ಪೆನ್ನು ಕೊಡಿ ಎಂದರು.

ಮೇಡಂ ಪೆನ್ನು ಕೊಟ್ಟರು. ಕೊಟ್ಟು ಹೇಳಿದರು: “ಸಹಿ ಹಾಕಿದ್ಮೇಲೆ ಪ್ರಶ್ನೆಗೆ ನೀವೂ ಜವಾಬ್ದಾರಿ ಅಣ್ಣ. ಇದಕ್ಕೇನು ಬರೀಲಿ ಹೇಳಿ. ನಾರಿನ ಹಗ್ಗ ನೆನೆದ್ರೆ ಕುಗ್ಗುತ್ತೆ. ಗಂಟು ಹತ್ತಿರ ಬರುತ್ತೆ. ಹಾಗಿದ್ರೆ ನಿಮ್ಮ ಅಳತೆ ನಂಬೋದು ಹ್ಯಾಗೆ ಅಂತ ಕೇಳಿದಾರೆ.”

ದೊಡ್ಡಣ್ಣ ಹನುಮಂತಯ್ಯನವರನ್ನು ನೋಡಿದರು. ಹನುಮಂತಯ್ಯ ಗೋಪೀನಾಥನನ್ನು ನೋಡಿದರು. ಗೋಪೀನಾಥ ಎದ್ದು ನೀರು ಕುಡಿಯಲು ಹೋದ. ದೊಡ್ಡಣ್ಣ ಪೆನ್ನನ್ನು ಮೆಲ್ಲಗೆ ಚಾಪೆಯ ಮೇಲೆ ಇಟ್ಟರು.

ಆಗ ಬಾಗಿಲ ಬಳಿ ನಿಂತಿದ್ದ ಪುಟ್ಟಲಕ್ಷ್ಮಿ ಮಾತಾಡಿದಳು.

“ನಾಲ್ಕನೇ ವಾರ ನನಗೇ ಗೊತ್ತಾಯ್ತು. ಅವತ್ತಿಂದ ಹಗ್ಗಾನ ಹಿಂದಿನ ದಿನಾನೇ ಬಕೇಟಲ್ಲಿ ನೆನೆಹಾಕ್ತಿದ್ದೆ. ಬೆಳಿಗ್ಗೆ ಒದ್ದೆ ಹಗ್ಗಕ್ಕೆ ಟೇಪು ಹಿಡ್ದು ಗಂಟುಗಂಟೂ ಅಳೆದು ಹೊರಡ್ತಿದ್ದೆ. ಮೊದಲಿನ ಮೂರು ವಾರದ್ದು ತಪ್ಪು ಅಂತ ಲೆಕ್ಕದಿಂದ ತೆಗೆದ್ಬಿಟ್ಟೆ. ಇದೆಲ್ಲ ಎರಡನೇ ಹಾಳೇಲಿ ಬರ್ದಿದ್ದೆ ಮೇಡಂ.”

ಮೇಡಂ ಟೈಪಾದ ಹಾಳೆ ತಿರುವಿದರು. ಗಂಟಿನ ನಾರು ಹಗ್ಗದಿಂದ ಅಳೆದದ್ದು ಎಂಬ ಒಂದು ಸಾಲಿದೆ, ನೆನೆಹಾಕಿದ ಮಾತು ಎಲ್ಲೂ ಇಲ್ಲ.

ಹನುಮಂತಯ್ಯನವರು ಲೇತಿನ ಮೇಲೆ ಕೂದಲೆಳೆಯಷ್ಟು ಅಳತೆ ತಪ್ಪಿದರೂ ಹುಡುಗರನ್ನು ಬೈಯುವ ಮನುಷ್ಯ. ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಬಾಯಿ ಬಿಟ್ಟರು. “ಹೆಸ್ರು ಹಾಕಿದ್ಮೇಲೆ ಏಳು ಹಾಳೆ ಆಯ್ತು. ಏನಾದ್ರೂ ತೆಗೀಬೇಕು ಅಂದ ಟೈಪಿಸ್ಟು. ಹಗ್ಗ ನೆನೆಸಿದ ವಿಷ್ಯ ಯಾರಿಗ್ ಬೇಕು ಅಂತ ನಾನೇ ತೆಗ್ಸಿದೆ ಕಣಮ್ಮ.”

ದೊಡ್ಡಣ್ಣನೇ ಮೊದಲು ಮಾತೆತ್ತಿ, ನನ್ನ ಹೆಸರು ತೆಗೆದು ಆ ಜಾಗದಲ್ಲಿ ಹಗ್ಗ ಹಾಕಿರಿ ಎಂದರು. ಅಂಥ ದೊಡ್ಡ ಮಾತು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಎರಡೇ ಹೆಸರು ಉಳಿದವು. ವಾರವಾರ ಅಳೆದು, ಲೆಕ್ಕ ಮಾಡಿ, ಬರೆದವಳು ಪುಟ್ಟಲಕ್ಷ್ಮಿ, ಅದಕ್ಕೆ ಮೊದಲು. ಹೇಗೆ ಅಳೆಯಬೇಕೆಂದು ಯೋಚಿಸಿ ಹೇಳಿಕೊಟ್ಟು, ಬಂದ ಲೆಕ್ಕವನ್ನೆಲ್ಲ ಮತ್ತೊಮ್ಮೆ ಮಾಡಿ ನೋಡಿದವರು ಮೇಡಂ, ಅದಕ್ಕೆ ಎರಡನೆಯದು. ಸಹಾಯ ಮಾಡಿದವರಿಗೆ ಲೇಖನದ ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗವೇ ಇದೆ, ಬಾವಿ ತೋರಿಸಿದವರು, ಬಿಟ್ಟುಕೊಟ್ಟವರು ಅಲ್ಲಿ ಬರುತ್ತಾರೆ ಎಂದರು ಮೇಡಂ. ಅಲ್ಲಿಯಾದರೂ ನನ್ನದು ಮೊದಲು ಬರುತ್ತದೆಯೇ ಎಂದು ದೊಡ್ಡಣ್ಣ ಕೇಳಿದರು. ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ಬೈರಯ್ಯನೆಂಬ ನಾನು ಮುಂದೆ, ಅವರು ಹಿಂದೆ ಎಂದು ಗೊತ್ತಾದಾಗ ಸ್ವಲ್ಪ ಮುನಿಸಿಕೊಂಡರು. ಊಟಕ್ಕೆ ಮಾತ್ರ ನಿಂತರು.

ಈ ಸಲ ಹನುಮಂತಯ್ಯನವರು ಟೈಪಿಸ್ಟನ ಬಳಿ ಮಗಳನ್ನೇ ಕೂರಿಸಿ ತಾವು ಹೊರಗೆ ನಿಂತರು. ಪ್ರತಿ ಪ್ರಶ್ನೆಗೂ ಅವಳು ಬೇರೆ ಕಾಗದದಲ್ಲಿ ಉತ್ತರ ಬರೆದಳು. ಒಂದು ಪ್ರಶ್ನೆಗೆ, ಇದು ನನಗೆ ತಿಳಿಯದು, ಇನ್ನೂ ಒಂದು ವರ್ಷ ಅಳೆದರೆ ಹೇಳಬಹುದು ಎಂದೇ ಬರೆದಳು. ಹಾಗೆ ಬರೆದರೆ ಒಪ್ಪುತ್ತಾರೆಯೇ ಎಂದು ಅಪ್ಪನಿಗೆ ಹೆದರಿಕೆ. ಸುಳ್ಳು ಬರೆದರೆ ಖಂಡಿತ ಒಪ್ಪುವುದಿಲ್ಲ ಎಂದಳಂತೆ.

ಜೂನ್ ಮೊದಲ ವಾರ ತೆಳ್ಳನೆಯ ಲಕೋಟೆ ಬಂತು. ಒಳಗೆ ಒಂದೇ ಹಾಳೆ, ಕೆಂಪು ಬರಹವಿಲ್ಲ. ಒಪ್ಪಿದ್ದಾರೆ, ಚಳಿಗಾಲದ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡರು. ಆ ಹೆಸರು ಹೇಳದ ಇಬ್ಬರಲ್ಲಿ ಒಬ್ಬರು, ಹಗ್ಗದ ಉತ್ತರ ಚೆನ್ನಾಗಿದೆ ಎಂದು ಬರೆದಿದ್ದರು. ಅದನ್ನು ಮೂರನೇ ಸಲವೂ ಓದಿಸಿಕೊಂಡರು. ಮಧ್ಯಾಹ್ನ ಜಾತಕದವರು ಬಂದಾಗ ಬಾಗಿಲಲ್ಲೇ ನಿಂತು ಹೇಳಿದರು: “ಈ ವರ್ಷ ಆಗಲ್ಲಪ್ಪ. ನಮ್ಮ ಹುಡುಗಿಗೆ ಇನ್ನೊಂದು ವರ್ಷ ಬಾವಿ ನೋಡೋದಿದೆ.” ಎಂ.ಎಸ್ಸಿ. ಅರ್ಜಿಯನ್ನು ಹನುಮಂತಯ್ಯನವರೇ ಸಾಲಿನಲ್ಲಿ ನಿಂತು ತಂದರು.

ಕೇಳುತ್ತಿರುವ ತಾಯಂದಿರೇ, ಅಪ್ಪಂದಿರೇ, ನಾನು ಮೂರನೇ ತರಗತಿಯವರೆಗೆ ಓದಿದವನು, ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ಕಂಡದ್ದನ್ನು ಹೇಳುತ್ತೇನೆ. ಕಾಲೇಜಿನ ಮಕ್ಕಳು ಮಾಡುವ ಅಳತೆ, ಎಣಿಕೆ ಪರೀಕ್ಷೆಯಾದ ಮೇಲೆ ರದ್ದಿಗೆ ಹೋಗಬೇಕಾಗಿಲ್ಲ. ಒಳ್ಳೆಯ ಕೆಲಸವಾಗಿದ್ದರೆ ಮೇಷ್ಟರನ್ನು ಕೇಳಿ ತಕ್ಕ ಪತ್ರಿಕೆಗೆ ಕಳಿಸಲಿ. ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸಲಿ, ಪ್ರತಿ ಇಟ್ಟುಕೊಳ್ಳಲಿ. ಕೆಂಪು ಬರಹ ತುಂಬಿ ತಿರುಗಿ ಬಂದರೆ ಅಳಬೇಡಿ, ಅಳಿಸಬೇಡಿ. ಯಾರೋ ಕೂತು ಪೂರ್ತಿ ಓದಿದ್ದಾರೆ ಎಂದು ಅದರ ಅರ್ಥ. ಕೆಲಸ ಮಾಡದವರ ಹೆಸರು ಸೇರಿಸಬೇಡಿ, ಅವರು ಮನೆಯ ಹಿರಿಯರೇ ಆಗಲಿ, ಕಾಲೇಜಿನ ಹಿರಿಯರೇ ಆಗಲಿ. ಮಾಡಿದವರ ಹೆಸರು ಬಿಡಲೂ ಬೇಡಿ.

ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಪುಸ್ತಕದಲ್ಲಿ ಏನನ್ನೋ ವಾರವಾರ ಬರೆದುಕೊಳ್ಳುತ್ತಿದ್ದರೆ, ಇವತ್ತು ಕೂರಿಸಿಕೊಂಡು, ಹೇಗೆ ಅಳೆದೆ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ಏಳಬೇಡಿ.