ನಿಂತು ತಿಂದದ್ದು

ಮಾಘದ ಚಳಿ ಬೆಳಗಿನ ಹೊತ್ತಿಗೆ ಇನ್ನೂ ಉಳಿದಿತ್ತು. ಮೆಣಸಿನಕಾಯಿ ಸುಗ್ಗಿ ಏರಿದ್ದರಿಂದ ಬ್ಯಾಡಗಿಯ ಗಾಳಿಯೇ ಖಾರವಾಗಿತ್ತು. ಪೇಟೆಯ ಕಡೆಯಿಂದ ಬಂದವರು ಎರಡು ಸಲ ಸೀನಿದ ಮೇಲೆಯೇ ಮಾತಿಗೆ ಇಳಿಯುತ್ತಿದ್ದರು. ಸೋಮವಾರ, ಮಾರುಕಟ್ಟೆಯ ದಿನ. ದೇವವ್ವನ ಹಿತ್ತಲ ಪಡಸಾಲೆಯಲ್ಲಿ ಐದು ಗಂಟೆಗೇ ಎರಡು ಒಲೆ ಹೊತ್ತಿದ್ದವು. ಹಮಾಲರಿಗೆ, ಲಾರಿಯವರಿಗೆ, ಚೀಲ ತಂದ ರೈತರಿಗೆ ಊಟ ಹಾಕುವ ಖಾನಾವಳಿಗಳಿಗೆ ಹನ್ನೊಂದರೊಳಗೆ ಮುನ್ನೂರು ಜೋಳದ ರೊಟ್ಟಿ ಮುಟ್ಟಬೇಕಿತ್ತು.

ಒಂದು ಒಲೆಯ ಮುಂದೆ ದೇವವ್ವ, ಇನ್ನೊಂದರ ಮುಂದೆ ಮುಸರತ. ಇಬ್ಬರೂ ಹನ್ನೆರಡು ವರ್ಷದಿಂದ ಎದುರುಬದುರು ಕೂತು ರೊಟ್ಟಿ ಬಡಿದವರು. ಒಬ್ಬಳ ಕೈ ಸದ್ದು ನಿಧಾನವಾದರೆ ಇನ್ನೊಬ್ಬಳಿಗೆ ನೋಡದೆಯೇ ಗೊತ್ತಾಗುತ್ತಿತ್ತು.

"ಯಾಕ ದೇವಕ್ಕಾ, ರೊಟ್ಟಿ ಬಡಿಯಾಕತ್ತೀರೋ, ಜೋಗುಳ ಹಾಡಾಕತ್ತೀರೋ?"

"ಹಿಟ್ಟು ಬಿರಿಯಾಕತ್ತೈತಿ."

"ಹಿಟ್ಟಿಗೆ ಯಾಕ ಹೆಸರು ಹಚ್ತೀರಿ? ಕೈ ನಡಗಾಕತ್ತಾವು ನಿಮ್ಮವು."

ಮುಸರತ ಹಿಂದಿನ ದಿನ ಒಣಗಿಸಿಟ್ಟ ಕಡಕ್ ರೊಟ್ಟಿಗಳನ್ನು ಎಣಿಸಿ ಕಟ್ಟುವಾಗ ಮುರಿದ ಚೂರುಗಳನ್ನು ಎಂದಿನಂತೆ ಬುಟ್ಟಿಗೆ ಹಾಕಿದಳು. ಒಂದನ್ನು ಶೇಂಗಾ ಚಟ್ನಿಗೆ ಒತ್ತಿ ಬಾಯಿಗಿಟ್ಟುಕೊಂಡು ಬುಟ್ಟಿಯನ್ನು ದೇವವ್ವನ ಕಡೆ ಸರಿಸಿದಳು. ದೇವವ್ವ ಮುಖ ತಿರುಗಿಸಿದಳು. ಇಪ್ಪತ್ತು ದಿನದಿಂದ ಅವಳು ಆ ಬುಟ್ಟಿಗೆ ಕೈ ಹಾಕಿರಲಿಲ್ಲ.

ಅವಳ ಕೈ ತಡೆದಿದ್ದು ಹೆದರಿಕೆ. ಕರ್ಜಗಿಯಲ್ಲಿದ್ದ ಅಕ್ಕ ಮುತ್ತವ್ವನಿಗೆ ಹೋದ ವರ್ಷ ಚಪ್ಪಲಿ ಕಚ್ಚಿ ಅಂಗಾಲಿನ ಅಂಚಿಗೆ ಬೊಕ್ಕೆ ಎದ್ದಿತ್ತು. ನೋವಿರಲಿಲ್ಲ. ನೋವಿಲ್ಲವೆಂದೇ ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಮನೆಯವರಿಗೆ ವಾಸನೆ ಬಂದ ಮೇಲೆ ಹುಬ್ಬಳ್ಳಿಗೆ ಒಯ್ದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅಕ್ಕನಿಗಿದ್ದ ಸಕ್ಕರೆ ಕಾಯಿಲೆ ಈಗ ದೇವವ್ವನಿಗೂ ಬಂದಿತ್ತು. ಅವಳ ತೂಕವೂ ಅಕ್ಕನಷ್ಟೇ. ದಿನಾ ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು, ಗಂಡನ ದಾಡಿ ಕನ್ನಡಿಯನ್ನು ನೆಲಕ್ಕಿಟ್ಟು, ಅದರ ಮೇಲೆ ಒಂದೊಂದೇ ಪಾದ ಹಿಡಿದು ನೋಡುವಳು. ಏನೂ ಕಾಣದಿದ್ದರೆ ಇನ್ನಷ್ಟು ಭಯವಾಗುತ್ತಿತ್ತು. ಅಕ್ಕನಿಗೂ ಮೊದಲಿಗೆ ಏನೂ ಕಂಡಿರಲಿಲ್ಲವಲ್ಲ.

ಮಗಳು ಅಂಜಲಿ ರಾಣೆಬೆನ್ನೂರಿನಲ್ಲಿ ಆಹಾರ ಸಲಹೆ ಕೊಡುವ ಶೈಲಶ್ರೀ ಎಂಬವರ ಹತ್ತಿರ ಕರೆದುಕೊಂಡು ಹೋಗಿದ್ದಳು. ಮೂವತ್ತರೊಳಗಿನ ಹುಡುಗಿ, ಮಾತು ಮೆತ್ತಗೆ. ತೂಕ ನೋಡಿ ಎಂಬತ್ತಾರು ಎಂದು ಬರೆದುಕೊಂಡಳು.

"ದಿನಕ್ಕ ಊಟ ಏನೇನು ಮಾಡ್ತೀರಿ, ಎಲ್ಲಾ ಹೇಳ್ರಿ ಅಮ್ಮಾರ. ಮುಚ್ಚಿಡಬ್ಯಾಡ್ರಿ."

"ಮುಚ್ಚಿಡಾಕ ಏನೈತ್ರಿ? ಮಧ್ಯಾಹ್ನ ಎರಡು ರೊಟ್ಟಿ, ಪಲ್ಯ. ರಾತ್ರಿ ಒಂದು ರೊಟ್ಟಿ, ಹಿಡಿ ಅನ್ನ. ಅಷ್ಟ."

ಶೈಲಶ್ರೀ ಪೆನ್ನು ಎತ್ತಿ ನೋಡಿದಳು. "ಇಷ್ಟಕ್ಕ ಈ ತೂಕ?"

"ನನ್ನ ಮೈಗೆ ಗಾಳಿ ಕುಡಿದರೂ ಹತ್ತತೈತ್ರಿ. ಯುಗಾದಿಯೊಳಗ ಹನ್ನೆರಡು ಕಿಲೋ ಇಳಿಸಿಕೊಡ್ರಿ. ಏನು ಬಿಡು ಅಂದ್ರ ಅದನ್ನ ಬಿಡ್ತೇನಿ."

"ಅಷ್ಟು ಲಗೂ ಅಂದ್ರ ಭಾಳ ಕಷ್ಟ ಆಗ್ತೈತ್ರಿ."

"ಕಾಲು ಹೋಗೋದಕ್ಕಿಂತ ಕಷ್ಟ ಏನೈತ್ರಿ?"

ಮೂರು ರೊಟ್ಟಿ ತಿನ್ನುವವಳ ತೂಕ ಇಳಿಯಬೇಕೆಂದರೆ ಆ ಮೂರನ್ನೂ ತೆಗೆಯಬೇಕೆಂದು ಶೈಲಶ್ರೀಯ ಲೆಕ್ಕ ಹೇಳಿತು. ಚೀಟಿ ಬರೆದುಕೊಟ್ಟಳು. ರೊಟ್ಟಿ ಇಲ್ಲ, ಅನ್ನ ಇಲ್ಲ. ಬೆಳಿಗ್ಗೆ ನೀರಿನಲ್ಲಿ ಕುದಿಸಿದ ಓಟ್ಸ್ ಒಂದು ವಾಟಿ, ಮಧ್ಯಾಹ್ನ ಬೇಯಿಸಿದ ತರಕಾರಿ, ಮೊಳಕೆ ಕಾಳು, ರಾತ್ರಿ ಸೊಪ್ಪಿನ ಸಾರು ಬರೀ ಕುಡಿಯುವುದು. ದೇವವ್ವ ಚೀಟಿಯನ್ನು ದೇವರ ಫೋಟೋದ ಪಕ್ಕಕ್ಕೆ ಅಂಟಿಸಿ ಚಾಚೂ ತಪ್ಪದೆ ನಡೆದಳು. ಹದಿನೈದು ದಿನಕ್ಕೆ ಮೂರು ಕಿಲೋ ಇಳಿಯಿತು. ನಡುವೆ ಒಂದು ದಿನ ಊರಿನ ಡಾಕ್ಟರು ಸಕ್ಕರೆ ಗುಳಿಗೆಯನ್ನು ಒಂದರಿಂದ ಎರಡು ಮಾಡಿದ್ದರು. ಅವರು ಊಟದ ಬಗ್ಗೆ ಕೇಳಲಿಲ್ಲ, ಇವಳು ಚೀಟಿಯ ಬಗ್ಗೆ ಹೇಳಲಿಲ್ಲ.

ಅವತ್ತು ಸೋಮವಾರ ಕೆಲಸದ ಗಡಿಬಿಡಿಯಲ್ಲಿ ಗುಳಿಗೆ ನುಂಗಿದ್ದಳು. ಓಟ್ಸ್ ಕುದಿಸಲು ಹೊತ್ತು ಸಿಕ್ಕಿರಲಿಲ್ಲ.

ಒಂಬತ್ತರ ಸುಮಾರಿಗೆ ಕುತ್ತಿಗೆಯ ಹಿಂದೆ ತಣ್ಣನೆಯ ಬೆವರು ಒಡೆಯಿತು. ಒಲೆಯ ಮುಂದೆ ಕೂತವಳಿಗೆ ಬೆವರು ಹೊಸದಲ್ಲ. ಆದರೆ ಈ ಬೆವರು ಒಳಗಿನಿಂದ ಬರುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಎರಡಾಗಿ ಕಂಡಿತು. ಎದೆ ಡವಗುಟ್ಟಿತು. ಮುಸರತಳನ್ನು ಕರೆಯಬೇಕೆಂದುಕೊಂಡಳು, ಹೆಸರು ನೆನಪಾಗಲಿಲ್ಲ. ಹನ್ನೆರಡು ವರ್ಷ ದಿನಾ ಕರೆದ ಹೆಸರು. ಅದು ಸಿಗದೆ ಹೋದಾಗ ಅವಳಿಗೆ, ನಾನು ಸಾಯಾಕತ್ತೇನಿ, ಎನ್ನುವುದು ಖಚಿತವಾಯಿತು. ರೊಟ್ಟಿ ತಿರುವಿ ಹಾಕಲು ಮುಂದಕ್ಕೆ ಬಾಗಿದವಳು ಮತ್ತೆ ಹಿಂದಕ್ಕೆ ಏಳಲಿಲ್ಲ.

ಮುಸರತ ಹಿಟ್ಟಿನ ಪರಾತವನ್ನು ಒದ್ದು ದಾಟಿ ಬಂದು ಅವಳ ರಟ್ಟೆ ಹಿಡಿದು ಎಳೆದಳು. ಸೆರಗಿನ ತುದಿ ಹೊತ್ತಿಕೊಂಡಿತ್ತು. ನೀರಿನ ಕೊಡವನ್ನು ಹಾಗೆಯೇ ಮೇಲೆ ಸುರಿದು, "ಅಂಜಲೀ! ಲಗೂ ಬಾರವ್ವಾ" ಎಂದು ಕೂಗಿದ ಕೂಗಿಗೆ ಓಣಿಯೇ ಹೊರಗೆ ಬಂತು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದಾಗ ಸಕ್ಕರೆ ನಲವತ್ನಾಲ್ಕಕ್ಕೆ ಇಳಿದಿತ್ತು. ಗ್ಲೂಕೋಸ್ ಇಳಿದ ಮೇಲೆ ದೇವವ್ವ ಕಣ್ಣುಬಿಟ್ಟಳು. ಎಡ ಮುಂಗೈಯಲ್ಲಿ ಹಂಚು ತಾಗಿದ ಸುಟ್ಟ ಗಾಯ ಉರಿಯುತ್ತಿತ್ತು. ಅವಳು ಮೊದಲು ಕೇಳಿದ್ದು, "ಕಾಲು ಅದಾವೇನ?"

ಅಂಜಲಿಯಿಂದ ಚೀಟಿಯ ಸಂಗತಿ ಕೇಳಿದ ಆಸ್ಪತ್ರೆಯ ವಯಸ್ಸಾದ ಡಾಕ್ಟರು ಅವಳ ಗುಳಿಗೆ ಕಡಿಮೆ ಮಾಡಿ ಬರೆದರು. "ಸಕ್ಕರೆ ಏರಿದ್ರ ವರ್ಷಗಟ್ಟಲೆ ತಿಂತೈತಿ, ತಾಯಿ. ಇಳಿದ್ರ ತಾಸಿನ್ಯಾಗ ಒಯ್ತೈತಿ. ಗುಳಿಗಿ ನುಂಗಿ ಉಪವಾಸ ಇದ್ರಿ ಅಂದ್ರ ಎರಡೂ ಕೈಯಾಗ ಕತ್ತಿ ಹಿಡದಂಗ. ಆ ಚೀಟಿ ಕೊಟ್ಟವರಿಗೆ ನನ್ನ ಗುಳಿಗಿ ತೋರಸ್ರಿ, ನನಗ ಅವರ ಚೀಟಿ ತೋರಸ್ರಿ."

ಮನೆಗೆ ಬಂದ ಮೇಲೆ ನಿಜವಾದ ಭಯ ಹಿಡಿಯಿತು. ಅಂಜಲಿ ಗಂಗಾಳದಲ್ಲಿ ರೊಟ್ಟಿ ತಂದಿಟ್ಟಳು. ದೇವವ್ವ ಅದನ್ನು ಹಾವನ್ನು ನೋಡಿದಂತೆ ನೋಡಿದಳು. ತಿಂದರೆ ಅಕ್ಕನ ಕಾಲು ಕಣ್ಣಿಗೆ ಬರುತ್ತಿತ್ತು, ಬಿಟ್ಟರೆ ಒಲೆಯ ಉರಿ. ಒಂದು ತುತ್ತು ಮುರಿದು, ಇಟ್ಟು, ಮತ್ತೆ ಎತ್ತಿದಳು.

"ಆ ಚೀಟಿ ಹರದ ಒಗೀತೇನಿ ನೋಡವಾ," ಅಂಜಲಿ ಅಳುತ್ತಲೇ ಎದ್ದಳು. "ನಾನ ಕರಕೊಂಡು ಹೋಗಿ ನಿನ್ನ ಸುಡಸ್ತಿದ್ನಿ."

"ಮುಟ್ಟಬ್ಯಾಡ! ಅದರಿಂದ ಮೂರು ಕಿಲೋ ಇಳದೈತಿ."

"ಮೂರು ಕಿಲೋ ಇಳಿಸಿ ಹೆಣ ಹಗುರ ಮಾಡಿ ಕೊಡಾಕಿದ್ಲೇನು ಆಕಿ?"

"ನಿನಗೇನು ಗೊತ್ತ? ನಿಮ್ಮ ದೊಡ್ಡವ್ವನ ಕಾಲಿಗೆ ಪಟ್ಟಿ ಕಟ್ಟುವಾಗ ನೀ ಇರಲಿಲ್ಲ. ನಾ ಇದ್ದೆ."

ಬಾಗಿಲಲ್ಲಿ ನಿಂತಿದ್ದ ಮುಸರತ ಹೇಳಿದಳು: "ಹರಿಯೋದೂ ಬ್ಯಾಡ, ಪೂಜಿ ಮಾಡೋದೂ ಬ್ಯಾಡ. ಬರದಾಕೀನ ಹೋಗಿ ಕೇಳೂಣು. ನಾನೂ ಬರ್ತೇನಿ. ಈಕೀನ ಒಬ್ಬಾಕೀನ ಬಿಟ್ರ ಮತ್ತ ಹೂಂ ಹೂಂ ಅಂದು ಬರ್ತಾಳ."

ಮೂರನೆಯ ದಿನ ಮೂವರೂ ರಾಣೆಬೆನ್ನೂರಿನ ಬಸ್ಸು ಹತ್ತಿದರು. ಮತ್ತೆ ಆ ಬೆವರು ಒಡೆದರೆ ಬಾಯಿಗಿರಲೆಂದು ದಾರಿಯುದ್ದಕ್ಕೂ ದೇವವ್ವ ಸೆರಗಿನಲ್ಲಿ ಸಕ್ಕರೆ ಪುಡಿಕೆ ಹಿಡಿದುಕೊಂಡೇ ಇದ್ದಳು.

ಸುಟ್ಟ ಕೈ ನೋಡಿ ಶೈಲಶ್ರೀಯ ಮುಖ ಬಿಳಿಚಿತು. ಗುಳಿಗೆಯ ಚೀಟಿ ಓದಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

"ಗುಳಿಗಿ ಹೆಚ್ಚು ಮಾಡಿದ್ದು ನನಗ ಗೊತ್ತಿರಲಿಲ್ರಿ. ನಾನೂ ಫೋನ್ ಮಾಡಿ ಕೇಳಲಿಲ್ಲ. ಅದು ನನ್ನ ತಪ್ಪು." ಎರಡೂ ಚೀಟಿ ಪಕ್ಕಪಕ್ಕ ಇಟ್ಟು, "ಆದರ ಒಂದು ಮಾತು ನನಗ ಇನ್ನೂ ತಿಳೀವಲ್ದು. ಮೂರು ರೊಟ್ಟಿ, ಹಿಡಿ ಅನ್ನ ಬಿಟ್ಟದ್ದಕ್ಕ ಹದಿನೈದು ದಿನದಾಗ ಮೂರು ಕಿಲೋ ಇಳ್ಯಾಂಗಿಲ್ಲ. ನೀವು ಬ್ಯಾರೆ ಏನೋ ಬಿಟ್ಟೀರಿ. ಏನದು?"

"ಏನೂ ಇಲ್ರಿ. ಚೀಟಿಯಾಗ ಬಿಡು ಅಂದದ್ದ ಬಿಟ್ಟೇನಿ."

ಮುಸರತ ಒಮ್ಮೆಲೇ ಹಣೆಗೆ ಕೈ ಬಡಿದುಕೊಂಡಳು. "ಅಯ್ಯ ನಮ್ಮವ್ವಾ! ದೇವಕ್ಕಾ, ಚೂರು ಹೇಳೀರಿಲ್ಲೋ ಇವರಿಗೆ?"

"ಚೂರು ಯಾಕ ಹೇಳಲಿ? ಅವರು ಊಟ ಕೇಳಿದ್ರು. ಚೂರು ಊಟ ಏನ?"

"ಯಾವ ಚೂರ್ರಿ?" ಶೈಲಶ್ರೀ ಮುಂದಕ್ಕೆ ಬಾಗಿದಳು.

ಮುಸರತಳೇ ಹೇಳಿದಳು. ಮುರಿದ ಕಡಕ್ ರೊಟ್ಟಿ ಮಾರಾಟಕ್ಕೆ ಬಾರದು. ಬುಟ್ಟಿಯಲ್ಲಿ ಬೀಳುತ್ತದೆ. ಐದು ಗಂಟೆಯಿಂದ ಹನ್ನೊಂದರವರೆಗೆ ಒಲೆ ಮುಂದೆ ಕೂತಾಗ, ಕಟ್ಟುವಾಗ, ಗಿರಾಕಿಗೆ ಎಣಿಸಿ ಕೊಡುವಾಗ ಕೈ ತಾನಾಗಿ ಬುಟ್ಟಿಗೆ ಹೋಗುತ್ತದೆ. ಶೇಂಗಾ ಚಟ್ನಿ, ಮೇಲೊಂದಿಷ್ಟು ಎಣ್ಣೆ. ಬಂದವರ ಜೊತೆ ಚಹಾ, ಚಹಾದಲ್ಲಿ ಅದ್ದಿ ಎರಡು ಚೂರು.

"ಎಷ್ಟು ಚಾ?"

"ಐದಾರು," ದೇವವ್ವನ ದನಿ ಸಣ್ಣಗಾಯಿತು. "ಬಂದವರ ಮುಂದ ಒಲ್ಲೆ ಅನ್ನಾಕ ಬರ್ತದೇನ್ರಿ?"

"ಚೂರೆಲ್ಲಾ ಕೂಡಿಸಿದ್ರ ಎಷ್ಟು ರೊಟ್ಟಿ ಆಗ್ತಾವು?"

ದೇವವ್ವ ಜೀವನದಲ್ಲಿ ಎಣಿಸದ ರೊಟ್ಟಿ ಇರಲಿಲ್ಲ. ಯಾವ ಖಾನಾವಳಿಗೆ ಎಷ್ಟು ಹೋಯಿತೆಂದು ನಿದ್ದೆಯಲ್ಲೂ ಹೇಳಬಲ್ಲಳು. ಈಗ ಬೆರಳು ಮಡಚುತ್ತಾ ಹೋದಳು. ಒಂದು ಕೈ ಮುಗಿಯಿತು, ಎರಡನೆಯ ಕೈಗೆ ಬಂದಳು. ಏಳರ ಮೇಲೆ ನಿಲ್ಲಿಸಿದಳು. ಯಾರೂ ನಗಲಿಲ್ಲ, ಮುಸರತಳೂ ಸಹ.

"ನಾ ಸುಳ್ಳು ಹೇಳಿಲ್ರಿ," ಎಂದಳು ದೇವವ್ವ. ಕಣ್ಣಲ್ಲಿ ನೀರು ಬಂದಿತ್ತು. "ಗಂಗಾಳ ಇಟ್ಟುಕೊಂಡು ಕುಂತು ತಿಂದದ್ದು ಅಷ್ಟ. ಇದು ಕೆಲಸದಾಗ ನಿಂತು ತಿಂದದ್ದು."

"ನೀವು ಸುಳ್ಳು ಹೇಳಿಲ್ರಿ. ನಾ ಕೇಳಿದ್ದು ಸರಿ ಇರಲಿಲ್ಲ. ಊಟ ಏನು ಅಂತ ಕೇಳಿದೆ, ಬಾಯಿಗೆ ಏನೇನು ಹೋಗ್ತೈತಿ ಅಂತ ಕೇಳಲಿಲ್ಲ. ನಮ್ಮ ಅವ್ವಾನೂ ನಿಮ್ಮಂಗ ನಿಂತ ತಿನ್ನಾಕಿ. ನನಗ ಹೊಳೀಬೇಕಿತ್ತು." ಶೈಲಶ್ರೀ ಹಳೆಯ ಚೀಟಿಯನ್ನು ತೆಗೆದುಕೊಂಡು ಮೇಲಿಂದ ಕೆಳಗೆ ಗೀಟು ಎಳೆದಳು. "ಈಗ ಹೇಳ್ರಿ, ಯುಗಾದಿಯೊಳಗ ಹನ್ನೆರಡು ಕಿಲೋ ಬೇಕೋ, ಇನ್ನ ಇಪ್ಪತ್ತು ವರ್ಷ ಎರಡೂ ಕಾಲ ಮ್ಯಾಲೆ ಓಡ್ಯಾಡೋದು ಬೇಕೋ?"

"ಎರಡನೇದು. ಆದ್ರ ರೊಟ್ಟಿ ತಿಂದ್ರ..."

"ರೊಟ್ಟಿ ನಿಮ್ಮ ವೈರಿ ಅಲ್ರಿ. ಹೊತ್ತಿಗೆ ಸರಿಯಾಗಿ ತಿನ್ರಿ. ಗುಳಿಗಿ ನುಂಗಿದ ಅರ್ಧ ತಾಸಿನ್ಯಾಗ ಎರಡು ರೊಟ್ಟಿ, ತಟ್ಟೆ ತುಂಬ ಪಲ್ಯ, ಒಂದು ವಾಟಿ ಕಾಳು. ಮಧ್ಯಾಹ್ನ ಹಂಗ. ರಾತ್ರಿ ಒಂದು ರೊಟ್ಟಿ, ಸೊಪ್ಪು, ಮಜ್ಜಿಗಿ. ಚಾ ಎರಡ, ಸಕ್ಕರಿ ಇಲ್ಲದ್ದು. ಸಂಜಿಗೆ ಅರ್ಧ ತಾಸು ನಡೀರಿ. ತಿಂಗಳಿಗೆ ಒಂದು, ಒಂದೂವರೆ ಕಿಲೋ ಇಳಿದ್ರ ಸಾಕು. ಇದನ್ನ ಡಾಕ್ಟರಿಗೂ ತೋರಸ್ರಿ. ಒಂದ ಕರಾರು. ಏನ ತಿಂದ್ರೂ ಗಂಗಾಳದಾಗ ಹಾಕ್ಕೊಂಡು, ಕುಂತು ತಿನ್ನಬೇಕು."

"ಮತ್ತ ಚೂರು?"

"ನಮ್ಮ ಆಡಿಗೆ ಕೊಡ್ರಿ," ಎಂದಳು ಮುಸರತ. "ಅದಕ್ಕ ಶುಗರ್ ಇಲ್ಲ."

ಹೊಸ ಚೀಟಿ ಹಳೆಯದಕ್ಕಿಂತ ಸುಲಭವೆಂದು ದೇವವ್ವ ಅಂದುಕೊಂಡಿದ್ದಳು. ಹಾಗಾಗಲಿಲ್ಲ. ಮೊದಲ ವಾರವೇ ತೂಕ ಒಂದು ಕಿಲೋ ಏರಿತು. ಕಾಟಾದ ಮೇಲೆ ಎಂಬತ್ನಾಲ್ಕು ಕಂಡಿತು. ಶೈಲಶ್ರೀಗೆ ಫೋನ್ ಮಾಡಿ, "ಏರಾಕತ್ತೈತ್ರಿ, ಕಾಲು ಹೋಗ್ತೈತ್ರಿ," ಎಂದು ಅತ್ತಳು. ಉಪವಾಸದಲ್ಲಿ ಹೋಗಿದ್ದು ಅರ್ಧ ನೀರೇ, ಅದು ತಿರುಗಿ ಬಂದಿದೆ, ಎರಡು ವಾರ ಕಾಟಾ ಹತ್ತಬೇಡಿ ಎಂದಳು ಆಕೆ. ದೇವವ್ವ ನಂಬಲಿಲ್ಲ. ಆದರೆ ಒಲೆಯ ಮುಂದೆ ಹೆಸರು ಮರೆತ ಆ ಗಳಿಗೆ ನೆನಪಾಗಿ, ಎರಡು ರೊಟ್ಟಿ ಹಾಕಿಕೊಂಡು ಕೂತಳು. ಫಾಲ್ಗುಣ ಮುಗಿಯುವಾಗ ತೂಕ ಎಂಬತ್ತೆರಡೂವರೆಗೆ ಇಳಿದಿತ್ತು. ಸಕ್ಕರೆಯೂ ಒಂದು ಹದಕ್ಕೆ ಬಂದಿತ್ತು.

ಯುಗಾದಿಯ ಹಿಂದಿನ ವಾರದ ಸೋಮವಾರ. ಎಂಟು ಗಂಟೆಗೆ ಗುಳಿಗೆ ನುಂಗಿ, ದೇವವ್ವ ಗೋಡೆಗೆ ಒರಗಿ ಗಂಗಾಳ ಮುಂದಿಟ್ಟುಕೊಂಡಿದ್ದಳು. ಮೊದಲ ರೊಟ್ಟಿ ಮುಗಿದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ಇಟ್ಟಿದ್ದ ಫಕ್ಕೀರೇಶ ಬೈಕು ನಿಲ್ಲಿಸದೆಯೇ ಕೂಗಿದ.

"ದೇವಕ್ಕಾರ, ಲಗೂ ಕಟ್ರಿ! ಮಂದಿ ಕುಂತಾರ ಅಲ್ಲಿ."

"ನಾನೂ ಕುಂತೇನಿ."

"ಆಂ?"

"ಊಟಕ್ಕ ಕುಂತೇನಿ. ತಡಿ."

ಫಕ್ಕೀರೇಶ ಬೈಕು ಆರಿಸಿ ಒಳಗೆ ಇಣುಕಿದ. ಕಟ್ಟಿಟ್ಟ ರೊಟ್ಟಿ ಎಣಿಸಿದ. "ಎಪ್ಪತ್ತು ಹೇಳಿದ್ನಲ್ಲಾ, ಇವು ಅರವತ್ತ ಅದಾವು."

"ಹತ್ತು ಬಾಕಿ ಬಿದ್ದಾವು. ನಾಳೆ ಕೊಡ್ತೇನಿ."

"ಬಾಕಿ?" ಅವನಿಗೆ ಕೋಪಕ್ಕಿಂತ ಆಶ್ಚರ್ಯ ಹೆಚ್ಚಾಯಿತು. "ನಮ್ಮಪ್ಪನ ಕಾಲದಿಂದ ಒಯ್ಯಾಕತ್ತೇವಿ. ಒಂದು ರೊಟ್ಟಿ ಬಾಕಿ ಇಟ್ಟಾಕಿ ಅಲ್ಲ ನೀವು. ಈಗೇನು ಎದ್ದು ಹತ್ತು ಬಡಿಯಾಕ ಎಷ್ಟು ಹೊತ್ತ್ರಿ? ಆಮ್ಯಾಲೆ ಉಣ್ರಿ."

ದೇವವ್ವನ ಕೈ ನಿಂತಿತು. ಎದ್ದುಬಿಡು, ಗಿರಾಕಿ ನಿಂತಾನ ಎಂದು ಮೈ ಅದಾಗಿಯೇ ಹೇಳಿತು. ಒಂದು ಮೊಣಕಾಲು ಮೇಲೆ ಬಂದೂ ಬಂತು. ಮುಸರತ ಬಡಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು, ತಾನೂ ಏಳಲಿಲ್ಲ. ಹೊರಗೆ ಯಾರೋ ಸೀನಿದರು.

"ಬಾಕಿ ಇರಲಿ ಫಕ್ಕೀರೇಶ," ಎಂದು ದೇವವ್ವ ಮೊಣಕಾಲು ಕೆಳಗಿಟ್ಟಳು. "ಅವಸರ ಇದ್ರ ಅರವತ್ತು ಒಯ್ಯಿ. ಇಲ್ಲಾ ಕುಂದ್ರು."

ಫಕ್ಕೀರೇಶ ಗಡಿಯಾರ ನೋಡಿದ, ಮುಸರತಳನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಹೊಸ್ತಿಲಾಚೆಯ ಕಟ್ಟೆಯ ಮೇಲೆ ಕೂತ.

ದೇವವ್ವ ಎರಡನೆಯ ರೊಟ್ಟಿ ಮುರಿದಳು.