ಮೊದಲು ಕೂರುವ ಬಸ್ಸಪ್ಪ

ರೂಪಾಳ ಷಟಲ್ ಬಸ್ಸು ಐದು ದಿನ ಬರೀ ಗಾಳಿ ಹೊತ್ತುಕೊಂಡು ಓಡಾಡಿತು.

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಹೊಸದೊಂದು ಕಟ್ಟಡ ಎದ್ದಿದೆ. ಕೆಳಗೆ ಅಂಗಡಿ, ಅದರ ಮೇಲೆ ದವಾಖಾನೆ, ಇನ್ನೂ ಮೇಲೆ ಮನೆಗಳು. ಅಲ್ಲಿಗೆ ಕೆಲಸಕ್ಕೆ ಬರುವವರಿಗಾಗಿ ಬಸ್ಸಿನ ಯೋಜನೆ ಮಾಡುವ ಕೆಲಸ ಲಿಂಗಸುಗೂರಿನ ರೂಪಾಳ ಪಾಲಿಗೆ ಬಂದಿತ್ತು. ಅವಳೇನು ಕೂತಲ್ಲೇ ಗೆರೆ ಎಳೆದವಳಲ್ಲ ಬಿಡಿ. ಸಂತೆಕಲ್ಲೂರಿನ ಮನೆಮನೆ ಹೊಕ್ಕು, ಕೊಟ್ಟ ಚಹಾ ಎಲ್ಲ ಕುಡಿದು, ಎಷ್ಟಕ್ಕೆ ಹೊರಡುತ್ತೀರಿ, ಎಷ್ಟಕ್ಕೆ ವಾಪಸ್ಸು ಎಂದು ಕೇಳಿ ಬರೆದುಕೊಂಡವಳು. ಎಲ್ಲರೂ "ಬಿಡ್ರಿ ಬಸ್ಸು, ನಾವು ಬರ್ತೀವಿ" ಅಂದಿದ್ದರು. ಬಸ್ಸು ಬೆಳಿಗ್ಗೆ ಎಂಟೂ ಹತ್ತಕ್ಕೆ ಬಂತು, ಎಂಟೂ ಇಪ್ಪತ್ತಕ್ಕೆ ಖಾಲಿ ಹೋಯಿತು. ಮಂದಿ ಬೇವಿನ ಮರದ ಕೆಳಗೆ ನಿಂತು ತಮಾಷೆ ನೋಡಿದರು!

ಕಟ್ಟಡದ ಒಡತಿ ಉಮಾದೇವಿ ಖಡಕ್ ಹೆಂಗಸು. "ಶನಿವಾರ ನಾನ ಗೇಟಿನಾಗ ನಿಂತು ಎಣಸ್ತೀನಿ. ಇಪ್ಪತ್ತು ಮಂದಿ ಇಳೀಲಿಲ್ಲಂದ್ರ ಬಸ್ಸು ಬಂದ್," ಎಂದುಬಿಟ್ಟಿದ್ದಳು. ರೂಪಾಳಿಗೆ ತನ್ನ ಯೋಜನೆಗಿಂತ ಸಂತೆಕಲ್ಲೂರಿನ ಆದೆಮ್ಮನ ಚಿಂತೆ ಹೆಚ್ಚು. ಈ ಬಸ್ಸನ್ನು ನಂಬಿಯೇ ಆದೆಮ್ಮ ಅಲ್ಲಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದಳು.

ಶುಕ್ರವಾರ ರೂಪಾ ಖುದ್ದಾಗಿ ಸಂತೆಕಲ್ಲೂರಿಗೆ ಬಂದಳು. ಬಸ್ಸು ಖಾಲಿ ಹೋಯಿತು. ಮರದ ಕೆಳಗೆ ನಿಂತವರಲ್ಲಿ ಆದೆಮ್ಮನೂ ಇದ್ದಳು.

"ಆದೆಮ್ಮಕ್ಕ, ನೀವರ ಯಾಕ್ರೀ ಹತ್ತಲಿಲ್ಲ?"

"ಒಬ್ರೂ ಕುಂತಿದ್ದಿಲ್ಲಲ್ಲವ್ವ! ಖಾಲಿ ಗಾಡಿ ಯಾವಾಗ ಹೊಂಡತೈತಿ? ನಾಕ್ ಮಂದಿ ಕುಂದರ್ಲಿ, ಆಮ್ಯಾಲ ಹತ್ತೋಣಂತ ನಿಂತೀನಿ."

"ನಿಮ್ಮ ಕಣ್ಣ ಮುಂದನ ಹೊಂಟು ಹೋತಲ್ರೀ!"

"ಹೌದು, ಹೋತು. ಪಾಪ, ಆ ಡ್ರೈವರಗ ಬುದ್ಧಿ ಕಮ್ಮಿ."

ರೂಪಾ ಹಣೆ ಚಚ್ಚಿಕೊಂಡಳು. ಇಲ್ಲಿಯ ಟಂಟಂ ಆಟೋಗಳು ತುಂಬದೆ ಹೊರಡುವುದಿಲ್ಲ. ಮೊದಲು ಹತ್ತಿದವರು ತಾಸುಗಟ್ಟಲೆ ಒಳಗೇ ಬೇಯಬೇಕು. ಅದಕ್ಕೇ ಎಲ್ಲರೂ ಇನ್ನೊಬ್ಬರು ಮೊದಲು ಕೂರಲಿ ಎಂದು ಕಾಯುತ್ತಾರೆ. ಎಷ್ಟು ಗಂಟೆಗೆ ಎಂದು ಊರೆಲ್ಲ ಕೇಳಿದ್ದಳು, ಇದೊಂದನ್ನು ಕೇಳಿರಲಿಲ್ಲ.

"ಹಂಗಾರ ಟಂಟಂದಾಗ ಮೊದಲ ಯಾರು ಕುಂದ್ರತಾರ?"

ಆದೆಮ್ಮ ಗದ್ದ ಎತ್ತಿ ತೋರಿಸಿದಳು. "ಬಸ್ಸಪ್ಪ ಕಾಕಾ."

ಆಚೆ ಖಾಲಿ ಟಂಟಂ ಒಂದರಲ್ಲಿ ರುಮಾಲಿನ ಮುದುಕನೊಬ್ಬ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಭಾರೀ ಅವಸರ ಇದ್ದವನಂತೆ ಕೂತಿದ್ದ. ಅವನ ಕೆಲಸವೇ ಅದು. ಅವನನ್ನು ನೋಡಿ ಮಂದಿ ಹತ್ತುತ್ತಾರೆ. ಗಾಡಿ ತುಂಬಿತೋ, ಇವನು ಮೆಲ್ಲಗೆ ಇಳಿದು ಮುಂದಿನ ಗಾಡಿಗೆ. ಡ್ರೈವರುಗಳು ಚಹಾ, ಬೀಡಿ ನೋಡಿಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ಇದೇ ನಡೆದಿದೆ.

"ಕಾಕಾ, ನಾಳಿ ನಮ್ಮ ಬಸ್ಸಿನಾಗ ಕುಂದ್ರತೀರೇನ್ರೀ?"

"ಎಸಿ ಐತೇನು?"

"ಐತ್ರೀ."

"ಹಂಗಾರ ಟಂಟಂಗೆ ಒಂದಿನ ರಜಾ ಹಾಕ್ತೀನಿ. ಆದ್ರ ತುಂಬಿದ ಕೂಡ್ಲೆ ಇಳೀತೀನಿ, ಮೊದ್ಲ ಹೇಳೀನಿ."

ಶನಿವಾರ ಬಸ್ಸಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದು, ಬಾಗಿಲ ಪಕ್ಕದ ಸೀಟು ಹಿಡಿದು, ಮರದ ತನಕ ಕೇಳುವಂತೆ ಡ್ರೈವರನಿಗೆ ಗದರಿದ: "ಏ ಜಾವೀದಾ, ಏನ್ ಕಾಯಾಕತ್ತೀಯೋ? ಹೊತ್ತಾತು, ಬಿಡಲೇ ಗಾಡಿ!"

ಅಷ್ಟೇ ಬೇಕಾಗಿತ್ತು. ಆದೆಮ್ಮ ಮುಂದೆ, ಊರು ಹಿಂದೆ. ರೂಪಾ ಬೆರಳು ಮಡಚಿ ಎಣಿಸಿದಳು. ಬಸ್ಸಪ್ಪನನ್ನು ಬಿಟ್ಟು ಹತ್ತೊಂಬತ್ತು. ಎಂಟೂ ಇಪ್ಪತ್ತಾಯಿತು, ಇನ್ನೊಬ್ಬರ ಸುಳಿವಿಲ್ಲ. ಅಷ್ಟರಲ್ಲಿ ಬಸ್ಸಪ್ಪ ಚೀಲ ಎತ್ತಿಕೊಂಡು ಎದ್ದೇಬಿಟ್ಟ.

"ಕಾಕಾ, ಕುಂದ್ರಿ! ನೀವು ಇಳಿದ್ರ ಒಬ್ರು ಕಮ್ಮಿ ಬೀಳ್ತೀವಿ!"

"ಏ ತಂಗಿ, ಅಲ್ಲಿ ನನಗೇನು ಕೆಲಸೈತಿ? ನಾ ಹೋಗೋ ಮನಿಶ್ಯಾನ ಅಲ್ಲ!"

ಆದೆಮ್ಮ ಅವನ ಚೀಲ ಹಿಡಿದುಕೊಂಡಳು. "ಕುಂದ್ರಪ್ಪಾ ಕಾಕಾ. ಬಸ್ಸು ಹೋದ್ರ ನನ್ನ ರೊಟ್ಟಿ ಕೆಲಸಾನೂ ಹೋಗತೈತಿ."

ಬಸ್ಸಪ್ಪ ಬಾಗಿಲು ನೋಡಿದ, ಆದೆಮ್ಮನನ್ನು ನೋಡಿದ. ಗೊಣಗುತ್ತಲೇ ಕೂತ.

ಮಸ್ಕಿ ದಾಟುವವರೆಗೂ ಗೊಣಗಿದ. ಆಮೇಲೆ ಜೋಳದ ಹೊಲ ಮುಗಿದು ಕಾಲುವೆ ನೀರಿನ ಭತ್ತದ ಗದ್ದೆ ಶುರುವಾದದ್ದೇ, ಗೊಣಗಾಟ ಮರೆತು ಗಾಜಿಗೆ ಮೂಗು ಒತ್ತಿದ.

ಗೇಟಿನಲ್ಲಿ ಉಮಾದೇವಿ ಒಬ್ಬೊಬ್ಬರನ್ನೇ ಎಣಿಸಿದಳು. ಕೊನೆಗೆ ಇಳಿದ ಮುದುಕನ ಮೇಲೆ ಅವಳಿಗೆ ಗುಮಾನಿ ಬಂತು.

"ಅಜ್ಜಾ, ಇಲ್ಲಿ ಏನ್ ಕೆಲಸಕ್ಕ ಬಂದೀರಿ?"

"ಕೆಲಸೇನಿಲ್ಲ ತಾಯಿ," ಎಂದ ಬಸ್ಸಪ್ಪ. "ಹನ್ನೊಂದು ವರ್ಷ ದಿನಾ ಗಾಡಿಯಾಗ ಕುಂತೀನಿ. ಇಳಿಯೋ ಊರು ಬಂದದ್ದು ಇವತ್ತ ಮೊದಲ."

ಉಮಾದೇವಿ ಅವನನ್ನು ಒಂದು ಗಳಿಗೆ ನೋಡಿದಳು. "ಇಪ್ಪತ್ತು," ಎಂದು ಬರೆದುಕೊಂಡಳು. "ಬಸ್ಸು ಇರ್ಲಿ."

ಆದೆಮ್ಮ ಅವನಿಗೆ ಬಿಸಿ ರೊಟ್ಟಿ ಹಾಕಿದಳು. ಉಂಡು ಕೈ ತೊಳೆದವನು ರೂಪಾಳನ್ನು ಕರೆದು ಕೇಳಿದ: "ಸಂಜಿ ಬಸ್ಸು ಎಷ್ಟು ಮಂದಿ ಆದ್ರ ಹೊಂಡತೈತಿ?"

"ಒಬ್ರ ಇದ್ರೂ ಆರಕ್ಕ ಹೊಂಡತೈತಿ ಕಾಕಾ."

ಬಸ್ಸಪ್ಪನಿಗೆ ನಂಬಿಕೆ ಬರಲಿಲ್ಲ. ಐದಕ್ಕೇ ಹೋಗಿ ಖಾಲಿ ಬಸ್ಸಿನ ಮೊದಲ ಸೀಟಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತ. ಈ ಸಲ ಮಾತ್ರ ಅವನಿಗೆ ತುಂಬಿದ ಕೂಡಲೇ ಇಳಿಯುವ ವಿಚಾರವಿರಲಿಲ್ಲ.